ಅವ್ವನ ಡಬ್ಬಿ, ನನ್ನ ಐಕಾನ್

ಹೋದ ವರ್ಷ ಮಾರ್ಚ್ ತಿಂಗಳ ಒಂದು ಮಧ್ಯಾಹ್ನ. ಆಫೀಸಿನಲ್ಲಿ ಮೀಟಿಂಗ್ ನಡೀತಿತ್ತು. ಕೊಟ್ಟೂರಿನಿಂದ ಅವ್ವನ ಫೋನ್ ಬಂತು. ಅವ್ವ ಹಗಲು ಹೊತ್ತಿನಲ್ಲಿ ಫೋನ್ ಮಾಡುವವಳಲ್ಲ, ನಾನು ಕೆಲಸದಲ್ಲಿ ಇರ್ತೀನಿ ಅಂತ. ಗಾಬರಿಯಾಗಿ ಎದ್ದು ಹೊರಗೆ ಬಂದೆ.

"ಯಪ್ಪಾ, ನಿಮ್ಮಪ್ಪನ ಮಾತು ಹೋದ್ವಪ್ಪಾ" ಅಂದಳು.

ಅಪ್ಪ ತೀರಿಕೊಂಡು ಆಗಲೇ ಎರಡು ವರ್ಷ ಆಗ್ತಾ ಬಂದಿತ್ತು. ಯಾವ ಮಾತು ಅಂತ ಒಂದು ಕ್ಷಣ ತಿಳಿಯಲಿಲ್ಲ. ಆಮೇಲೆ ಹೊಳೀತು. ಅಪ್ಪನಿಗೆ ಫೋನಿನಲ್ಲಿ ಟೈಪ್ ಮಾಡುವುದು ಬರುತ್ತಿರಲಿಲ್ಲ, ಬೇಕಾಗಿಯೂ ಇರಲಿಲ್ಲ. ಹೊಲದಿಂದ, ಸಂತೆಯಿಂದ, ಬಸ್‌ಸ್ಟ್ಯಾಂಡಿನಿಂದ ಅವ್ವನಿಗೆ ಮಾತಾಡಿಯೇ ಮೆಸೇಜು ಕಳಿಸುತ್ತಿದ್ದ. ಬುತ್ತಿಗೆ ಮೆಣಸಿನಕಾಯಿ ಇಟ್ಟಿಲ್ಲ ಅನ್ನುವುದರಿಂದ ಹಿಡಿದು ಶೇಂಗಾ ರೇಟು ಬಿದ್ದಿದೆ ಅನ್ನುವವರೆಗೆ. ಅಪ್ಪ ಹೋದ ಮೇಲೆ ಅವ್ವ ದಿನಾ ಸಂಜೆ ದೀಪ ಹಚ್ಚಿ, ಅವುಗಳಲ್ಲಿ ಒಂದೋ ಎರಡೋ ಕೇಳುತ್ತಿದ್ದಳಂತೆ. ನನಗೆ ಅದು ಗೊತ್ತೇ ಇರಲಿಲ್ಲ. ಹೋದ ಮೇಲೆ ಗೊತ್ತಾಯ್ತು.

ಆಗಿದ್ದು ಇಷ್ಟು. ಫೋನಿನಲ್ಲಿ ಜಾಗ ತುಂಬಿದೆ ಅಂತ ಪದೇ ಪದೇ ತೋರಿಸುತ್ತಿತ್ತು. ಪಕ್ಕದ ಮನೆಯ ಹುಡುಗಿ ನೋಡಿ, "ಅಮ್ಮಾ, ಇದು ಫುಲ್ ಆಗೈತಿ, ಬೇಕಾದ್ದು ಎತ್ತಿಟ್ಕಳ್ರಿ, ಇಲ್ಲಂದ್ರೆ ಹೋಗ್ತಾವು" ಅಂದಿದ್ದಾಳೆ. ಅವ್ವ ಅಪ್ಪನ ಮೆಸೇಜುಗಳನ್ನು ಒಂದೊಂದಾಗಿ ಒತ್ತಿ ಹಿಡಿದು ಆರಿಸಿದ್ದಾಳೆ. ಮೇಲೆ ನಾಲ್ಕೈದು ಚಿತ್ರ ಬಂದಿವೆ. ಒಂದು ಚುಕ್ಕಿ, ಒಂದು ಬಾಣ, ಇನ್ನೊಂದೇನೋ. ಅವುಗಳ ನಡುವೆ ಒಂದು ಡಬ್ಬಿ. ಮೇಲೆ ಮುಚ್ಚಳ, ಮುಚ್ಚಳಕ್ಕೆ ಹಿಡಿ, ಮೈಮೇಲೆ ಉದ್ದುದ್ದ ಗೀರು. ನಮ್ಮ ಅಡುಗೆಮನೆಯ ಮಾಡದಲ್ಲಿ ಸಾಲಾಗಿ ನಿಂತಿರುವಂಥದೇ. ಎತ್ತಿಡಬೇಕು ಅಂದರೆ ಡಬ್ಬಿಯಲ್ಲಿ ತಾನೇ ಎತ್ತಿಡುವುದು? ಒತ್ತಿದ್ದಾಳೆ. ಇಂಗ್ಲಿಷಿನಲ್ಲಿ ಏನೋ ಕೇಳಿತು. ಅವ್ವ ಏಳನೇತ್ತೆವರೆಗೆ ಕನ್ನಡ ಶಾಲೆಯಲ್ಲಿ ಓದಿದವಳು. ಪೇಪರ್ ಓದುತ್ತಾಳೆ, ಪುರಾಣ ಓದುತ್ತಾಳೆ, ಇಂಗ್ಲಿಷ್ ಬರುವುದಿಲ್ಲ. ಫೋನು ಏನಾದರೂ ಕೇಳಿದರೆ ಬಲಗಡೆ ಇರುವುದನ್ನು ಒತ್ತಬೇಕು ಅಂತ ಅವಳಿಗೆ ಹೇಳಿಕೊಟ್ಟವನು ನಾನೇ.

"ಡಬ್ಬ್ಯಾಗ ಹಾಕೀನಿ. ಈಗ ಡಬ್ಬಿ ಎಲ್ಲೈತಿ ಹೇಳು, ತಗೋತೀನಿ" ಅಂದಳು.

ನಾನು ಏನು ಹೇಳಲಿ.

ಅಪ್ಪನ ಫೋನು ಆಗಲೇ ಅಕ್ಕನ ಮಗನ ಕೈಗೆ ಹೋಗಿತ್ತು. ಅವನು ಎಲ್ಲ ಅಳಿಸಿ ಹೊಸದು ಮಾಡಿಕೊಂಡು ಆಟ ತುಂಬಿಕೊಂಡಿದ್ದ. ಅವ್ವನ ಫೋನಿನ ಬ್ಯಾಕಪ್ ನೋಡಿದೆ. ಜಾಗ ತುಂಬಿದ ದಿನದಿಂದ ಅದೂ ನಿಂತುಹೋಗಿ, ಇದ್ದದ್ದು ಯಾವ ಕಾಲದ್ದೋ. ರಾತ್ರಿ ಎರಡರವರೆಗೆ ಒದ್ದಾಡಿ, ಆಗುವುದಿಲ್ಲ ಅಂತ ಅವ್ವನಿಗೆ ಹೇಳಿದೆ. "ಇರ್ಲಿ ಬಿಡು" ಅಂದಳು. ಆ "ಇರ್ಲಿ ಬಿಡು" ಕೇಳಿದ ಮೇಲೆ ನನಗೆ ನಿದ್ದೆ ಬರಲಿಲ್ಲ. ಯಾಕೆಂದರೆ ಅಂಥ ಡಬ್ಬಿಯನ್ನು ಬರೆಯುವುದೇ ನನ್ನ ಕೆಲಸ.

ನಾನು ಓದಿದ್ದು ಎಲೆಕ್ಟ್ರಾನಿಕ್ಸ್ ಎಂಜಿನಿಯರಿಂಗ್, ಸೇರಿದ್ದು ಸಾಫ್ಟ್‌ವೇರಿಗೆ. ಬೆಂಗಳೂರಿನ ಒಂದು ಸಣ್ಣ ಕಂಪನಿ. ಅಂಗಡಿಯವರು ಉದ್ರಿ ಲೆಕ್ಕ ಬರೆದಿಟ್ಟುಕೊಳ್ಳುವ ಆ್ಯಪ್ ಮಾಡ್ತೀವಿ. ಶುರುವಿನಲ್ಲಿ ಡಿಸೈನರ್ ಅಂತ ಯಾರೂ ಇರಲಿಲ್ಲ. "ನಿನ್ನ ಕೈ ಚೆನ್ನಾಗಿದೆ, ನೀನೇ ಬರೆದುಬಿಡು" ಅಂತ ಐಕಾನ್‌ಗಳ ಕೆಲಸ ನನ್ನ ಮೇಲೆ ಬಿತ್ತು. ಮನಸ್ಸಿಟ್ಟು ಕಲಿತೆ. ಹೊರಗಿನವರಿಗೆ ಇದು ಮಕ್ಕಳಾಟದ ಹಾಗೆ ಕಾಣುತ್ತದೆ. ಆದರೆ ಇದಕ್ಕೂ ಲೆಕ್ಕಾಚಾರ ಇದೆ. ಆಂಡ್ರಾಯ್ಡ್‌ಗಾಗಿ ಗೂಗಲ್ ಕೊಟ್ಟಿರುವ ಪದ್ಧತಿಯಲ್ಲಿ ಒಂದು ಐಕಾನಿಗೆ 24 ಡಿಪಿ ಅಗಲ, 24 ಡಿಪಿ ಎತ್ತರದ ಚೌಕ. (ಡಿಪಿ ಅಂದರೆ ಪ್ರೊಫೈಲ್ ಫೋಟೋ ಅಲ್ಲ. ಯಾವ ಫೋನಿನ ತೆರೆಯಲ್ಲಾದರೂ ಹೆಚ್ಚುಕಮ್ಮಿ ಒಂದೇ ಗಾತ್ರದಲ್ಲಿ ಕಾಣಲಿ ಅಂತ ಮಾಡಿಕೊಂಡ ಅಳತೆ.) ಸುತ್ತ 2 ಡಿಪಿ ಅಂಚು ಬಿಟ್ಟು ಒಳಗಿನ 20ರಲ್ಲಿ ಚಿತ್ರ ಕೂರಬೇಕು. ಗೆರೆಯ ದಪ್ಪ 2. ಕಾಣುವ ಚಿತ್ರ ಇಷ್ಟು ಚಿಕ್ಕದಾದರೂ ಬೆರಳು ತಾಗುವ ಜಾಗ ಮಾತ್ರ 48 ಡಿಪಿ ಇರಬೇಕು, ಸುಮಾರು 9 ಮಿಲಿಮೀಟರ್. ಐಫೋನಿನಲ್ಲಿ 44 ಪಾಯಿಂಟ್ ಅಂತ ಹೇಳ್ತಾರೆ. ಮನುಷ್ಯನ ಬೆರಳು ಎರಡೂ ಕಡೆ ಒಂದೇ ತಾನೇ.

ನನಗೆ ಇದು ಬೇಗ ಕೈಗೆ ಹತ್ತಿದ್ದಕ್ಕೆ ಒಂದು ಕಾರಣ ಇದೆ. ಚಿಕ್ಕವನಿದ್ದಾಗ ಅಕ್ಕ ಅಂಗಳದಲ್ಲಿ ಚುಕ್ಕಿ ರಂಗೋಲಿ ಹಾಕುವಾಗ ಚುಕ್ಕಿ ಎಣಿಸಿ ಇಡುವ ಕೆಲಸ ನನ್ನದು. ಒಂದು ಚುಕ್ಕಿ ತಪ್ಪಿದರೆ ನವಿಲಿನ ಕತ್ತು ಸೊಟ್ಟ, ಅಕ್ಕನ ಕೈಯಿಂದ ಗುದ್ದು. ಮುಂದೆ ಸೂಸನ್ ಕೇರ್ ಬಗ್ಗೆ ಓದಿದಾಗ ಇದೇ ನೆನಪಾಗಿತ್ತು. 1984ರಲ್ಲಿ ಬಂದ ಆ್ಯಪಲ್ ಮ್ಯಾಕಿಂಟಾಷ್‌ನ ಐಕಾನ್‌ಗಳನ್ನು ಬರೆದವರು ಅವರು. ಮೊದಲು ಬರೆದದ್ದು ಕಂಪ್ಯೂಟರಿನಲ್ಲಿ ಅಲ್ಲ, ಗ್ರಾಫ್ ಕಾಗದದ ಚೌಕಗಳನ್ನು ತುಂಬಿಸುತ್ತಾ. ಒಂದು ಐಕಾನಿಗೆ 32 ಅಡ್ಡ, 32 ಉದ್ದ ಚುಕ್ಕಿ. ಇರುವುದು ಕಪ್ಪು ಮತ್ತು ಬಿಳುಪು ಮಾತ್ರ. ಅಷ್ಟರಲ್ಲೇ ನಗುವ ಕಂಪ್ಯೂಟರ್, ಬಾಂಬು, ಕುಂಚ ಎಲ್ಲ ಬರೆದರು. ಕಸೂತಿ ಹಾಕುವವರಿಗೆ ಇದು ಹೊಸದೇನೂ ಅಲ್ಲ ಅನ್ನಿಸುತ್ತದೆ, ಎಳೆ ಎಣಿಸಿ ಗೋಪುರ ಎಬ್ಬಿಸುವವರು ಅವರು.

ಕಸದ ಡಬ್ಬಿಯೂ ಆ ಕಾಲದ್ದೇ. ಅಮೆರಿಕದ ಮನೆಗಳ ಹೊರಗೆ ಇಡುತ್ತಿದ್ದ ತಗಡಿನ ಡ್ರಮ್ಮಿನ ಚಿತ್ರ ಅದು. ಅಲ್ಲಿಯವರಿಗೆ ನೋಡಿದ ತಕ್ಷಣ ಕಸ ಅನ್ನಿಸಿರಬೇಕು. ನಮ್ಮ ಮನೆಯಲ್ಲಿ, ನಾನು ಹಾಸ್ಟೆಲ್ ಸೇರುವವರೆಗೂ, ಮುಚ್ಚಳ ಇರುವ ಕಸದ ಡಬ್ಬಿಯನ್ನೇ ನೋಡಿರಲಿಲ್ಲ. ಕಸ ಬುಟ್ಟಿಯಲ್ಲಿ ತುಂಬಿ ತಿಪ್ಪೆಗೆ ಹಾಕುವುದು. ತಿಪ್ಪೆಗೆ ಹೋದದ್ದೂ ಕಳೆದುಹೋಗುವುದಿಲ್ಲ, ಗೊಬ್ಬರವಾಗಿ ಹೊಲಕ್ಕೆ ಹೋಗುತ್ತದೆ. ಮುಚ್ಚಳ ಹಾಕಿ ಇಡುವುದು ಬೇಕಾದ ವಸ್ತುವನ್ನು. ಜೋಳ, ಬೇಳೆ, ಬೆಲ್ಲ, ಇಲಿ ಇರುವೆ ಮುಟ್ಟಬಾರದ್ದು. ಅವ್ವನ ತರ್ಕದಲ್ಲಿ ತಪ್ಪು ಎಲ್ಲಿತ್ತು ಅಂತ ನಾನು ಎಷ್ಟು ಹುಡುಕಿದರೂ ಸಿಗಲಿಲ್ಲ.

ಇನ್ನೊಂದು ಮಾತು ಹೇಳಿಬಿಡಬೇಕು. ಅವ್ವನ ಫೋನು ಬರುವ ಆರು ತಿಂಗಳ ಮುಂಚೆ ನಮ್ಮ ಕಂಪನಿಗೆ ಒಬ್ಬ ಅಂಗಡಿಯವರಿಂದ ದೂರು ಬಂದಿತ್ತು. ಒಬ್ಬ ಗಿರಾಕಿಯ ಪೂರ್ತಿ ಉದ್ರಿ ಲೆಕ್ಕ ಮಾಯವಾಗಿದೆ, ಆ ಗಿರಾಕಿ ಈಗ ಅಷ್ಟು ಬಾಕಿ ಇರಲೇ ಇಲ್ಲ ಅನ್ನುತ್ತಿದ್ದಾನೆ ಅಂತ. ಲಾಗ್ ತೆಗೆದು ನೋಡಿದೆ. ಅವರೇ ಡಿಲೀಟ್ ಒತ್ತಿದ್ದರು. "ಬಳಕೆದಾರರ ತಪ್ಪು" ಅಂತ ಗುರುತು ಹಾಕಿ ದೂರನ್ನು ಮುಚ್ಚಿದೆ. ಐದು ನಿಮಿಷದ ಕೆಲಸ. ಆ ಡಬ್ಬಿ ನಾನೇ ಬರೆದದ್ದು. ಅದರ ಕೆಳಗೆ ಮೊದಲು ಒಂದು ಪದ ಇತ್ತು, ಅದನ್ನೂ ನಾನೇ ತೆಗೆಸಿದ್ದೆ. ಸ್ಕ್ರೀನ್ ಕ್ಲೀನಾಗಿ ಕಾಣಲಿ ಅಂತ. ಪದ ತೆಗೆದ ಆ ಹೊಸ ಸ್ಕ್ರೀನು ನೋಡಿ ಆಫೀಸಿನವರು ಭೇಷ್ ಅಂದಿದ್ದರು.

ಅಪ್ಪನ ಎರಡನೇ ವರ್ಷದ ಪುಣ್ಯಸ್ಮರಣೆಗೆ ಏಪ್ರಿಲ್‌ನಲ್ಲಿ ಊರಿಗೆ ಹೋದೆ. ನೆಂಟರಿಗೆ ಮನೆಗೇ ಹೋಗಿ ಹೇಳಿ ಬರಬೇಕು, ಮೆಸೇಜು ಹಾಕಿದರೆ ನಮ್ಮ ಕಡೆ ಒಪ್ಪುವುದಿಲ್ಲ. ಕೂಡ್ಲಿಗಿಯಲ್ಲಿ ಚಿಕ್ಕಪ್ಪ, ಹಗರಿಬೊಮ್ಮನಹಳ್ಳಿಯಲ್ಲಿ ಅಕ್ಕ, ಹಡಗಲಿಯಲ್ಲಿ ಸೋದರಮಾವ, ಹರಪನಹಳ್ಳಿಯಲ್ಲಿ ಅತ್ತೆ. ನಾಲ್ಕು ದಿನ ಬಸ್ಸಿನಲ್ಲೇ. ಹೊರಡುವ ಮುಂಚೆ ಹನ್ನೆರಡು ಐಕಾನ್‌ಗಳನ್ನು ದಪ್ಪ ಕಾಗದದಲ್ಲಿ ಪ್ರಿಂಟ್ ಹಾಕಿಸಿ, ಇಸ್ಪೀಟ್ ಎಲೆಯ ಹಾಗೆ ಕತ್ತರಿಸಿ ಚೀಲದಲ್ಲಿ ಇಟ್ಟುಕೊಂಡೆ. ಸಿಕ್ಕಿದವರಿಗೆ ತೋರಿಸಿ "ಇದೇನು?" ಅಂತ ಕೇಳುವುದು, ಅಷ್ಟೇ. ಇದನ್ನು ಸಂಶೋಧನೆ ಅಂತೆಲ್ಲ ಅನ್ನಬೇಡಿ. ಲೆಕ್ಕ ಇಡಲಿಲ್ಲ, ಫಾರಂ ತುಂಬಿಸಲಿಲ್ಲ. ಚಹಾ ಕುಡಿಯುತ್ತಾ ಕೇಳಿದ್ದು.

ಕೂಡ್ಲಿಗಿ ಬಸ್‌ಸ್ಟ್ಯಾಂಡಿನ ಹತ್ತಿರ ಚಹಾದಂಗಡಿಯವರಿಗೆ ಭೂತಗನ್ನಡಿಯ ಚಿತ್ರ ತೋರಿಸಿದೆ, ಅದೇ ಹುಡುಕುವುದಕ್ಕೆ ಇರುವುದು. "ಸೌಟು" ಅಂದರು. ಅವರ ಕೈಯಲ್ಲೂ ಅದೇ ಇತ್ತು. ಅಲ್ಲೇ ಕೂತಿದ್ದ ಒಬ್ಬ ಹುಡುಗ "ಸರ್ಚ್ ಅಣ್ಣಾ" ಅಂದ. ಭೂತಗನ್ನಡಿ ನೋಡಿದ್ದೀಯಾ ಅಂದರೆ ಇಲ್ಲ, ಯೂಟ್ಯೂಬಿನಲ್ಲಿ ನೋಡಿ ಗೊತ್ತು. ಅವನಿಗೆ ಅದು ವಸ್ತುವಿನ ಚಿತ್ರವೇ ಅಲ್ಲ, ಒಂದು ಅಕ್ಷರ. ಫ್ಲಾಪಿ ಡಿಸ್ಕಿನ ಕತೆಯೂ ಹಾಗೇ. ಸೇವ್ ಅನ್ನುವುದಕ್ಕೆ ಇವತ್ತಿಗೂ ಅದೇ ಚಿತ್ರ. ಮೂರೂವರೆ ಇಂಚಿನ ಆ ಫ್ಲಾಪಿಯನ್ನು ನಾನೇ ಕಾಲೇಜಿನ ಲ್ಯಾಬಿನ ಕಪಾಟಿನಲ್ಲಿ ಒಮ್ಮೆ ಕಂಡವನು, ಬಳಸಿದವನಲ್ಲ.

ಡಬ್ಬಿಯ ಕಾರ್ಡು ತೋರಿಸಿದಾಗ ಚಹಾದಂಗಡಿಯವರು "ಹಾಲಿನ ಕ್ಯಾನು" ಅಂದರು. ಕಸ ಅಂತ ತೋರಿಸಬೇಕಾದರೆ ಏನು ಬರೀಬೇಕು ಹೇಳ್ರಿ ಅಂದೆ. ಸ್ವಲ್ಪ ಯೋಚಿಸಿ, "ಗಾಂಧೀಜಿ ಕನ್ನಡಕ ಬರೀರಿ" ಅಂದರು. ನಕ್ಕುಬಿಟ್ಟೆ. ಆದರೆ ಅವರು ತಮಾಷೆ ಮಾಡಿರಲಿಲ್ಲ. 2014ರಲ್ಲಿ ಸ್ವಚ್ಛ ಭಾರತ್ ಶುರುವಾದಾಗಿನಿಂದ ಕಸದ ಗಾಡಿಯ ಮೇಲೆ, ಗೋಡೆಯ ಮೇಲೆ ಆ ಕನ್ನಡಕ ನೋಡುತ್ತಾ ಬಂದಿದ್ದಾರೆ. ಕನ್ನಡಕಕ್ಕೂ ಕಸಕ್ಕೂ ಏನು ಸಂಬಂಧ? ಏನೂ ಇಲ್ಲ. ಜೊತೆಯಲ್ಲಿ ಕಂಡರು, ಅಂಟಿಕೊಂಡಿತು.

ಹಗರಿಬೊಮ್ಮನಹಳ್ಳಿಯಲ್ಲಿ ಅಕ್ಕನ ಮಾವನವರ ಮುಂದೆ ಮೋಡದ ಕಾರ್ಡು ಇಟ್ಟೆ. ಮೋಡ, ಅದರಿಂದ ಕೆಳಕ್ಕೆ ಒಂದು ಬಾಣ. ನಮ್ಮ ಪ್ರಕಾರ ಅದು ಡೌನ್‌ಲೋಡ್. ಅವರು ಕನ್ನಡಕ ಏರಿಸಿ ನೋಡಿದರು.

"ಮಳಿ ಬರ್ತೈತಿ ಅಂತೇನು?"

ಮೇಲಕ್ಕೆ ಬಾಣ ಇರುವ ಇನ್ನೊಂದನ್ನು ತೋರಿಸಿದೆ. ಬ್ಯಾಕಪ್.

"ಇದು ಬಂದು ಹೋತು." ಮೂರನೆಯದು, ಮೋಡದ ಮೇಲೆ ಅಡ್ಡಗೀಟು, ನೆಟ್ ಇಲ್ಲ ಅಂತ. "ಇದು ನಮ್ಮದು" ಅಂದು ಕಾರ್ಡು ಕೆಳಗಿಟ್ಟರು. ಮಾಲವಿ ಡ್ಯಾಮಿನಲ್ಲಿ ನೀರು ಇದ್ದ ವರ್ಷಕ್ಕಿಂತ ಇಲ್ಲದ ವರ್ಷವನ್ನೇ ಹೆಚ್ಚು ನೋಡಿದ ರೈತ ಅವರು. ಮೋಡ ಅಂದರೆ ಮಳೆ ಅಲ್ಲದೆ ಬೇರೆ ಏನಾದರೂ ಆಗಬಹುದು ಅಂತ ಅವರಿಗೆ ಹೇಳಲು ನನಗೆ ನಾಚಿಕೆಯಾಯಿತು.

ಹಡಗಲಿಯಲ್ಲಿ ಮಾವನ ಮಗಳು ಸೆಟ್ಟಿಂಗ್ಸ್‌ನ ಹಲ್ಲಿನ ಚಕ್ರ ನೋಡಿ "ಹೂವು" ಅಂದಳು. ಅವಳು ಆರು ವರ್ಷದವಳು, ಹೂವಿನ ಹಡಗಲಿಯವಳು. ಭೌಗೋಳಿಕ ಸೂಚಕದ ಗುರುತು ಪಡೆದ ಮಲ್ಲಿಗೆಯ ಊರಿನಲ್ಲಿ ಅದು ಹೂವಲ್ಲದೆ ಇನ್ನೇನು. ಪಕ್ಕದ ಪಂಕ್ಚರ್ ಅಂಗಡಿಯವನು ಒಂದೇ ಏಟಿಗೆ "ಗೇರ್" ಅಂದ. ಅದನ್ನು ಒತ್ತಿದರೆ ಏನಾಗುತ್ತೆ ಅಂದೆ. "ಸ್ಪೀಡ್ ಆಗ್ಬೇಕು" ಅಂದ. ಹೃದಯದ ಚಿತ್ರ ಮಾವನಿಗೆ ವೀಳ್ಯದೆಲೆ ಆಗಿ ಕಂಡಿತು. ಶೇರ್ ಮಾಡುವ ಮೂರು ಚುಕ್ಕಿಯ ಗುರುತು ಕೆಲವರಿಗೆ ಕವಣೆ, ಕೆಲವರಿಗೆ ರಸ್ತೆ ಕೂಡುವ ಜಾಗ. ಮೂರು ಅಡ್ಡಗೆರೆಯ ಮೆನುವನ್ನು ಯಾರೂ ಮೆನು ಅನ್ನಲಿಲ್ಲ. ಅದನ್ನು ನಾರ್ಮ್ ಕಾಕ್ಸ್ ಅನ್ನುವವರು 1981ರ ಝೆರಾಕ್ಸ್ ಸ್ಟಾರ್ ಕಂಪ್ಯೂಟರಿಗೆ ಬರೆದದ್ದು. ನಲವತ್ತು ವರ್ಷ ದಾಟಿದರೂ ನಮ್ಮ ಮಾವನಿಗೆ ಅದು ವಿಭೂತಿ.

ಹರಪನಹಳ್ಳಿಯ ಅತ್ತೆಗೆ ಎಪ್ಪತ್ತೈದು ದಾಟಿದೆ. ಅವರಿಗೆ ಹೋಮ್ ಐಕಾನ್ ತೋರಿಸಿದೆ. ಇಳಿಜಾರಿನ ಸೂರು, ಕೆಳಗೆ ಚೌಕ, ನಡುವೆ ಬಾಗಿಲು. ಇದನ್ನು ಮಾತ್ರ ಎಲ್ಲರೂ ಹೇಳಿಬಿಡ್ತಾರೆ ಅಂದುಕೊಂಡಿದ್ದೆ.

"ಗುಡಿ ಏನಪಾ?" ಅಂದರು.

ಮನೆ ಅತ್ತೆ ಅಂದೆ. "ಯಾರ ಮನಿ ಹಿಂಗಿರತೈತಿ?" ಅಂತ ನನ್ನನ್ನೇ ಕೇಳಿದರು. ತಲೆ ಎತ್ತಿ ನೋಡಿದೆ. ಮರದ ತೊಲೆ, ಮೇಲೆ ಜಂತಿ, ಅದರ ಮೇಲೆ ಮಣ್ಣು. ನಾವೆಲ್ಲ ಹುಟ್ಟಿ ಬೆಳೆದದ್ದು ಚಪ್ಪಟೆ ಮಾಳಿಗೆಯ ಮನೆಗಳಲ್ಲಿ. ಬೇಸಿಗೆಯಲ್ಲಿ ಮಾಳಿಗೆ ಮೇಲೆ ಮಲಗುವವರು, ಶೇಂಗಾ ಒಣಗಿಸುವವರು. ಇಳಿಜಾರಿನ ಸೂರು ಮಲೆನಾಡಿನಲ್ಲಿ, ಇಲ್ಲವೇ ಹಿಮ ಬೀಳುವ ದೇಶಗಳಲ್ಲಿ. ಈಗ ಕಟ್ಟುವ ಆರ್‌ಸಿಸಿ ಮನೆಯೂ ಚಪ್ಪಟೆಯೇ. ಆದರೂ ಶಾಲೆಯಲ್ಲಿ ಮನೆ ಬರೀರಿ ಅಂದರೆ ನಾನು ಇಳಿಜಾರಿನ ಮನೆ, ಹಿಂದೆ ಎರಡು ಗುಡ್ಡ, ನಡುವೆ ಸೂರ್ಯ ಬರೆಯುತ್ತಿದ್ದೆ. ನೀವೂ ಅದನ್ನೇ ಬರೆದಿರ್ತೀರಿ.

ಆ ರಾತ್ರಿ ಊಟ ಮಾಡ್ತಾ ಅತ್ತೆ ಎಲೆಕ್ಷನ್ ಮಾತು ತೆಗೆದರು. ಅವರ ಅಪ್ಪ, ಅಂದರೆ ನಮ್ಮ ತಾತ, 1951-52ರ ಮೊದಲ ಚುನಾವಣೆಯಲ್ಲಿ ಓಟು ಹಾಕಿದ್ದರಂತೆ. ಆಗ ನಮ್ಮ ತಾಲ್ಲೂಕುಗಳೆಲ್ಲ ಮದ್ರಾಸ್ ರಾಜ್ಯದಲ್ಲಿದ್ದವು, ಬಳ್ಳಾರಿ ಮೈಸೂರಿಗೆ ಸೇರಿದ್ದು 1953ರಲ್ಲಿ. ಓದು ಬಾರದ ಕೋಟ್ಯಂತರ ಜನ ಓಟು ಹಾಕಬೇಕಾಗಿತ್ತು. ಅದಕ್ಕೇ ಗುರುತುಗಳು ಬಂದವು. ಒಬ್ಬೊಬ್ಬ ಅಭ್ಯರ್ಥಿಗೂ ಒಂದೊಂದು ಬೇರೆ ಪೆಟ್ಟಿಗೆ, ಪೆಟ್ಟಿಗೆಗೆ ಅಂಟಿಸಿದ ಗುರುತು. ಕಾಂಗ್ರೆಸ್ಸಿನದು ನೊಗ ಹೊತ್ತ ಜೋಡೆತ್ತು. ಮುಂದೆ ಚುನಾವಣಾ ಆಯೋಗದಲ್ಲಿ ಎಂ.ಎಸ್. ಸೇಠಿ ಅನ್ನುವ ನಕ್ಷೆಗಾರರು ಪೆನ್ಸಿಲ್ಲಿನಲ್ಲಿ ಹೀಗೆ ಎಷ್ಟೋ ಗುರುತುಗಳನ್ನು ಬರೆದರು. ಛತ್ರಿ, ಲಾಟೀನು, ಹೊಲಿಗೆ ಯಂತ್ರದಂಥ ದಿನಬಳಕೆಯ ಚಿತ್ರಗಳು. ಸೂಸನ್ ಕೇರ್ ಹೆಸರು ಡಿಸೈನ್ ಕಲಿತವರಿಗೆಲ್ಲ ಗೊತ್ತು. ಸೇಠಿ ಅವರ ಹೆಸರು ನಾನು ಕೇಳಿದ್ದು ಈ ಕೆಲಸಕ್ಕೆ ಬಂದು ಎಷ್ಟೋ ವರ್ಷ ಆದಮೇಲೆ. ಅವರು ಬರೆದ ಗುರುತುಗಳನ್ನು ನೋಡಿ ಗುಂಡಿ ಒತ್ತಿದ ಜನರ ಲೆಕ್ಕ ಹಾಕಿದರೆ, ನಮ್ಮ ಯಾವ ಆ್ಯಪೂ ಹತ್ತಿರಕ್ಕೆ ಬರುವುದಿಲ್ಲ.

"ತಾತನಿಗೆ ಚಿತ್ರ ನೋಡಿದ ಕೂಡ್ಲೆ ತಿಳೀತಿತ್ತೇನು?" ಅಂದೆ.

"ಎಲ್ಲಿಂದ ತಿಳಿಬೇಕು! ತಿಂಗಳಗಟ್ಲೆ ಓಣ್ಯಾಗ ಬಂದು ನಮ್ಮ ಗುರ್ತು ಇದು, ನಮ್ಮ ಗುರ್ತು ಇದು ಅಂತ ಕೂಗಿ ಹೋಗ್ತಿದ್ರು. ಎತ್ತು ಎಲ್ಲಾರ ಮನ್ಯಾಗೂ ಅದಾವು. ಯಾರ ಎತ್ತು ಅಂತ ಯಾರನ ಹೇಳ್ಬೇಕಲ್ಲ?"

ಕೈಯಲ್ಲಿದ್ದ ತುತ್ತು ಹಾಗೇ ನಿಂತಿತು. ನಾನು ಮೂರು ವರ್ಷ ಚಿತ್ರಕ್ಕೆ ಮಾತು ಬೇಡ ಅಂದುಕೊಂಡೇ ಕೆಲಸ ಮಾಡಿದ್ದೆ. ಇವತ್ತಿನ ಮತಯಂತ್ರದಲ್ಲೂ ಗುರುತು ಒಂಟಿಯಾಗಿಲ್ಲ, ಪಕ್ಕದಲ್ಲಿ ಹೆಸರಿದೆ, ಫೋಟೋ ಇದೆ. ಅಂಗಡಿಯ ಬಿಸ್ಕತ್ ಪ್ಯಾಕೆಟ್ಟಿನ ಮೇಲಿನ ಹಸಿರು ಚುಕ್ಕಿ ನಮಗೆ ತಿಳಿಯುವುದು ಯಾರೋ ಒಮ್ಮೆ ಹೇಳಿದ್ದರಿಂದ. ಅಲ್ಲೂ ಒಂದು ಎಡವಟ್ಟಿತ್ತು. ಸಸ್ಯಾಹಾರಕ್ಕೆ ಹಸಿರು ದುಂಡು, ಮಾಂಸಾಹಾರಕ್ಕೆ ಕಂದು ದುಂಡು. ಬಣ್ಣಗುರುಡು ಇರುವವರಿಗೆ ಎರಡೂ ಒಂದೇ. 2020ರ ಲೇಬಲ್ ನಿಯಮದಲ್ಲಿ ಮಾಂಸಾಹಾರದ ದುಂಡನ್ನು ತ್ರಿಕೋನ ಮಾಡಿದರು. ಬಳಕೆದಾರರ ತಪ್ಪು ಅಂತ ಅವರು ದೂರು ಮುಚ್ಚಲಿಲ್ಲ.

ಬೆಂಗಳೂರಿಗೆ ವಾಪಸ್ ಬಂದು ಐಕಾನ್‌ಗಳ ಕೆಳಗೆ ಮತ್ತೆ ಪದ ಹಾಕೋಣ ಅಂದೆ. ಕನ್ನಡದಲ್ಲೇ. ಅಷ್ಟು ಸುಲಭ ಅಲ್ಲ ಅಂತ ಕೂತ ಮೇಲೆ ತಿಳೀತು. ಮೊದಲು, ಡಿಲೀಟಿಗೆ ಪದ ಯಾವುದು? "ಅಳಿಸು" ಅಂತ ಎಲ್ಲ ಕಡೆ ಬಳಸ್ತಾರೆ. ಅವ್ವನಿಗೆ ಫೋನ್ ಮಾಡಿ, ಅಳಿಸು ಅಂತ ಬರೆದಿದ್ರೆ ಏನು ತಿಳ್ಕೋತಿ ಅಂದೆ. "ಯಾರ್ನ ಅಳಿಸೋದು?" ಅಂದಳು. ಅಳುವಂತೆ ಮಾಡುವುದೂ ಅಳಿಸುವುದೇ, ನಿಜ. ಆ ಪದದ ಎರಡೂ ಅರ್ಥ ನಮ್ಮ ಮನೆಯಲ್ಲಿ ಒಂದೇ ದಿನ ಆಗಿತ್ತು, ಅದನ್ನು ನಾನು ಅವಳಿಗೆ ಹೇಳಲಿಲ್ಲ. ಸರಿ, "ಒಗೆ" ಅನ್ನೋಣವಾ? ನಮ್ಮ ಕಡೆ ಒಗೆ ಅಂದರೆ ಬಿಸಾಡು. ಮೈಸೂರಿನ ಸಹೋದ್ಯೋಗಿ "ಬಟ್ಟೆ ಒಗೆಯೋದಾ?" ಅಂದ. "ತೆಗೆ" ಅಂದರೆ ಬಾಗಿಲು ತೆಗೆಯುವುದೂ ಆಗುತ್ತೆ. ಕೊನೆಗೆ "ತೆಗೆದುಹಾಕು" ಉಳಿಯಿತು. ಅದು ಉದ್ದ, ಗುಂಡಿಯೊಳಗೆ ಹಿಡಿಸದು. ಎರಡು ಸಾಲು ಮಾಡಿದರೆ ಕನ್ನಡದ ಒತ್ತಕ್ಷರದ ಬಾಲ ಕತ್ತರಿಸಿಹೋಗುತ್ತೆ, ಯಾಕೆಂದರೆ ಸಾಲಿನ ಎತ್ತರ ಇಟ್ಟಿದ್ದು ಇಂಗ್ಲಿಷಿನ ಲೆಕ್ಕದಲ್ಲಿ. "ಸೆಟ್ಟಿಂಗ್ಸ್" ಅನ್ನುವಲ್ಲಿ ಕೆಳಗಿನ ಒತ್ತು ಹಾರಿಹೋಗಿ ಏನೋ ಬೇರೆ ಓದಿಸುತ್ತಿತ್ತು. ಎಲ್ಲ ಕಡೆ ಸಾಲಿನ ಎತ್ತರ ಹೆಚ್ಚಿಸಿದೆವು. ಸ್ಕ್ರೀನು ಮೊದಲಿನಷ್ಟು ಚೆಂದ ಇಲ್ಲ. ನಮ್ಮ ಲೀಡ್‌ಗೆ ಈಗಲೂ ಅದರ ಬಗ್ಗೆ ಅಸಮಾಧಾನ ಇದೆ, ಪಾಪ ಅವರು ಹೇಳುವುದರಲ್ಲೂ ಸುಳ್ಳಿಲ್ಲ.

ಡಬ್ಬಿಯ ಬದಲು ಏನು ಬರೀಬೇಕು ಅಂತಲೂ ತಲೆ ಕೆಡಿಸಿಕೊಂಡೆ. ಬೇಕಾದ್ದನ್ನು ಎತ್ತಿಡುವುದಕ್ಕೆ ಟ್ರಂಕು ಬರೆದೆ. ಪಹಣಿ, ಬಂಗಾರ, ಮದುವೆ ಸೀರೆ ಎಲ್ಲ ಇಡುವ ಕಬ್ಬಿಣದ ಟ್ರಂಕು. ಅವ್ವ ಒಂದೇ ಸಲಕ್ಕೆ ಗುರುತು ಹಿಡಿದಳು. ಆಫೀಸಿನ ಇಪ್ಪತ್ತಮೂರರ ಹುಡುಗಿ "ಟ್ರಾವೆಲ್?" ಅಂದಳು. ಟ್ರಂಕನ್ನು ಬಿಟ್ಟೆ. ಡಬ್ಬಿಯೇ ಇರಲಿ, ಕೆಳಗೆ ಪದ ಇರಲಿ, ಅದಕ್ಕಿಂತ ಹೆಚ್ಚಾಗಿ, ಒತ್ತಿದ್ದು ತಪ್ಪಾಗಿದ್ದರೆ ವಾಪಸ್ ತರುವ ದಾರಿ ಇರಲಿ ಅಂತ ವಾದ ಮಾಡಿದೆ. ಈಗ ನಮ್ಮ ಆ್ಯಪಿನಲ್ಲಿ ತೆಗೆದುಹಾಕಿದ ಲೆಕ್ಕ 30 ದಿನ ಹಾಗೇ ಇರುತ್ತದೆ, ಫೋನಿನ ಫೋಟೋ ಗ್ಯಾಲರಿಯಲ್ಲಿ ಇರುವ ಹಾಗೆ. ತಮಾಷೆ ಅಂದರೆ 1984ರ ಆ ಮೂಲ ಮ್ಯಾಕಿನ ಡಬ್ಬಿಯೂ ಹೀಗೇ ಇತ್ತು. ಡಬ್ಬಿಗೆ ಹಾಕಿದ ಕೂಡಲೇ ಹೋಗುತ್ತಿರಲಿಲ್ಲ, ಖಾಲಿ ಆಗುವ ಮುಂಚೆ ಕೈಹಾಕಿ ತೆಗೆದುಕೊಳ್ಳಬಹುದಿತ್ತು. ಡಬ್ಬಿ ಎಲ್ಲೈತಿ ಹೇಳು ತಗೋತೀನಿ ಅಂತ ಅವ್ವ ಕೇಳಿದ್ದು ಸರಿಯಾಗೇ ಇತ್ತು.

ಆ ಅಂಗಡಿಯವರ ನಂಬರು ಹುಡುಕಿ ಫೋನ್ ಮಾಡಿದೆ. ಕ್ಷಮಿಸಿ, ತಪ್ಪು ನಮ್ಮ ಕಡೆಯದು ಅಂದೆ. ಅವರು ಆಗಲೇ ಮತ್ತೆ ಕೆಂಪು ರಟ್ಟಿನ ಖಾತೆ ಪುಸ್ತಕಕ್ಕೆ ಹೋಗಿಬಿಟ್ಟಿದ್ದರು. "ಆತು ಬಿಡ್ರಿ" ಅಂದರು. ಹಣ ಬಂತೇ ಅಂತ ಕೇಳುವ ಧೈರ್ಯ ಬರಲಿಲ್ಲ.

ಅಪ್ಪನ ಮೆಸೇಜುಗಳಲ್ಲಿ ಒಂದು ಸಿಕ್ಕಿತು. ಪುಣ್ಯಸ್ಮರಣೆಯ ದಿನ ಅಕ್ಕ ತನ್ನ ಫೋನು ತಡಕಾಡುತ್ತಾ, ಹಳೆಯದೊಂದನ್ನು ತೆಗೆದಳು. ಅಪ್ಪ ಅವ್ವನಿಗೆ ಕಳಿಸಬೇಕಾದದ್ದನ್ನು ತಪ್ಪಿ ಅಕ್ಕನ ಹೆಸರಿನ ಮೇಲೆ ಒತ್ತಿ ಕಳಿಸಿಬಿಟ್ಟಿದ್ದ. "ಅಪ್ಪಾ, ಇದು ನಾನು" ಅಂತ ಅಕ್ಕ ಕೆಳಗೆ ನಗುವ ಮುಖ ಹಾಕಿದ್ದಳು. ಹನ್ನೊಂದು ಸೆಕೆಂಡು.

ಅದನ್ನು ಅವ್ವನ ಫೋನಿಗೆ ಹಾಕಿ, ಇನ್ನೂ ಎರಡು ಕಡೆ ನಕಲು ಇಟ್ಟು, ಒತ್ತಿದರೆ ಸಾಕು ಕೇಳುವ ಹಾಗೆ ಮೊದಲ ಸ್ಕ್ರೀನಿನಲ್ಲೇ ಒಂದು ಗುಂಡಿ ಮಾಡಿದೆ. ಒಂದು ಸಂಜೆಯ ಕೋಡ್, ಅಷ್ಟೇ. ಮೇಲೆ ಯಾವ ಚಿತ್ರ ಹಾಕಲಿ ಅವ್ವಾ ಅಂದೆ. ಅಪ್ಪನ ಫೋಟೋ? ರುಮಾಲು? ಹೊಲ?

"ಚಿತ್ರ ಬ್ಯಾಡ. ಬರಿ."

ಏನಂತ ಬರೀಲಿ ಅಂದೆ. ಅವ್ವ ಅಪ್ಪನ ಹೆಸರು ಹೇಳಿದ್ದನ್ನು ನಾನು ಒಂದು ದಿನವೂ ಕೇಳಿಲ್ಲ, ರೇಷನ್ ಕಾರ್ಡಿನವರು ಕೇಳಿದಾಗಲೂ ನಮ್ಮತ್ತ ಕೈ ತೋರಿಸುತ್ತಿದ್ದಳು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಮನಿಯವ್ರು ಅಂತ ಬರಿ" ಅಂದಳು.

ಬರೆದೆ. ಒಂದೇ ಸಾಲಿನಲ್ಲಿ ಕೂತಿತು, ವ-ಗೆ ಇರುವ ಒತ್ತು ಕತ್ತರಿಸದ ಹಾಗೆ ಕೆಳಗೆ ಜಾಗ ಬಿಟ್ಟೆ.

ಅವ್ವ ಒತ್ತಿದಳು. ಹಿಂದೆ ಗಾಳಿಯ ಸದ್ದು, ಯಾವುದೋ ಟ್ರ್ಯಾಕ್ಟರು. ಆಮೇಲೆ ಅಪ್ಪ: "ಏ, ಕರೆಂಟು ಬಂತೇನು ನೋಡು. ಬಂದಿದ್ರೆ ಮೋಟ್ರು ಹಚ್ಚಿಸ್ತೀನಿ."

ಅವ್ವ ತಲೆ ಎತ್ತಿ ಲೈಟಿನ ಕಡೆ ನೋಡಿದಳು. "ಬಂದೈತಿ" ಅಂದಳು.